ಮನೆ ನೋಡಿ ಹೋದೋರು ಏನಂದ್ರು? ಮಾರೋರು ಅದನ್ನ ಹೆಂಗೆ ತಗೋಬೇಕು

ಹಾಸನದಲ್ಲಿ ಮನೆ ಮಾರಕ್ಕೆ ಇಟ್ಟಿರೋರು ನನ್ನ ಹತ್ರ ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಹತ್ತು ಜನ ನೋಡ್ಕೊಂಡು ಹೋದ್ರು, ಎಲ್ರೂ ಚೆನ್ನಾಗಿದೆ ಅಂದ್ರು, ಒಬ್ರೂ ವಾಪಸ್ ಬರ್ಲಿಲ್ಲ, ಈಗೇನು ಮಾಡೋದು?" ಇಲ್ಲಾಂದ್ರೆ ಇದ್ರ ಉಲ್ಟಾ, "ಬಂದೋರೆಲ್ಲ ಒಂದೊಂದು ಕೊಂಕು ತೆಗೀತಾರೆ, ಒಬ್ರು ಕಿಚನ್ ಸಣ್ಣದು ಅಂತಾರೆ, ಇನ್ನೊಬ್ರು ಬಾಗಿಲು ದಕ್ಷಿಣಕ್ಕಿದೆ ಅಂತಾರೆ, ಯಾರ ಮಾತು ಕೇಳೋದು?" ಒಬ್ಬೊಬ್ರಿಗೂ ಫೋನಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದು ಇಡ್ತಾ ಇದೀನಿ. ನಾನು ಬ್ರೋಕರ್ ಅಲ್ಲ, ಕುವೆಂಪುನಗರದಲ್ಲಿದ್ದ ನಮ್ಮಪ್ಪನ ಮನೆ ಮಾರಿ, ಆಮೇಲೆ ನೆಂಟರದ್ದು ಎರಡು ಮನೆ ಮಾರಕ್ಕೆ ಓಡಾಡಿ ಕಲಿತಿರೋದು ಅಷ್ಟೇ.

ಮೊದಲು ಒಂದು ವಿಷಯ ತಲೇಲಿ ಇಟ್ಕೊಳ್ಳಿ. ನಮ್ಮ ಕಡೆ ಜನ ನಿಮ್ಮನೆ ಕಾಫಿ ಕುಡಿದು ನಿಮ್ಮ ಮುಂದೇನೇ ಮನೆ ಸರಿಯಿಲ್ಲ ಅನ್ನಲ್ಲ. "ಮನೇಲಿ ಕೇಳಿ ಹೇಳ್ತೀವಿ ಸಾರ್", "ಫೋನ್ ಮಾಡ್ತೀವಿ ಬಿಡಿ ಅಮ್ಮ" ಅಂದ್ರೆ ಮುಕ್ಕಾಲು ಪಾಲು ಬೇಡ ಅಂತಲೇ ಅರ್ಥ. ಬಾಯಲ್ಲಿ ಹೇಳೋ ಕಾರಣ ಒಂದು, ಹಿಂದೆ ಸರಿಯೋ ಕಾರಣ ಇನ್ನೊಂದು. ಹಾಗಾಗಿ ಏನಂದ್ರು ಅನ್ನೋದಕ್ಕಿಂತ ಎಲ್ಲಿವರೆಗೆ ಬಂದು ನಿಂತ್ರು ಅನ್ನೋದನ್ನ ನೋಡ್ಬೇಕು. ಕೆಳಗೆ ಹೇಳೋದೆಲ್ಲ ಇದ್ರ ಮೇಲೇ ನಿಂತಿದೆ.

ಏನೇನು ಬೇಕು: ನೂರು ಪೇಜಿನ ಒಂದು ನೋಟ್ ಬುಕ್, ಅಳತೆ ಟೇಪು, ಎಲ್ಲಾ ದಾಖಲೆದು ಒಂದು ಸೆಟ್ ಜೆರಾಕ್ಸ್, ಮತ್ತೆ ಮನೆ ಮೇಲೆ ಮಮಕಾರ ಇಲ್ದಿರೋ ಒಬ್ಬ ಮನುಷ್ಯ. ಈ ನಾಲ್ಕನೇದು ಸಿಗೋದೇ ಕಷ್ಟ.

1. ಬಂದೋರ ಲೆಕ್ಕ ಬರೆದಿಡಿ

ತಾರೀಕು, ಯಾರ ಕಡೆಯಿಂದ ಬಂದ್ರು, ಎಷ್ಟು ಜನ ಬಂದ್ರು, ಎಷ್ಟು ಹೊತ್ತಿದ್ರು, ಏನು ಕೇಳಿದ್ರು, ಎಲ್ಲಿ ನಿಂತು ನೋಡಿದ್ರು. ಕೊನೇದು ಮುಖ್ಯ. ನಮ್ಮ ನೋಟ್ ಬುಕ್ಕಲ್ಲಿ ಒಂದು ದಿನದ್ದು ಹಿಂಗಿದೆ: "ಭಾನುವಾರ, ಗಂಡ ಹೆಂಡ್ತಿ ಮತ್ತೆ ಅತ್ತೆ, 20 ನಿಮಿಷ. ಗಂಡ ಸಂಪು ಎಷ್ಟು ಲೀಟರು ಕೇಳಿದ. ಅತ್ತೆ ಹಿಂದಿನ ರೂಮಿನ ಗೋಡೆ ಮೇಲೆ ಹೆಬ್ಬೆಟ್ಟು ಉಜ್ಜಿ ನೋಡಿದ್ರು, ಬಿಳಿ ಪುಡಿ ಬಂತು, ಸೆರಗಿಗೆ ಒರೆಸ್ಕೊಂಡ್ರು, ಏನೂ ಮಾತಾಡ್ಲಿಲ್ಲ." ಬ್ರೋಕರ್ ಸಾಯಂಕಾಲ ಫೋನ್ ಮಾಡಿ "ರೇಟ್ ಜಾಸ್ತಿ ಅಂತಾರೆ ಅಣ್ಣ" ಅಂದ. ರೇಟ್ ಅಲ್ಲ, ಆ ಪುಡಿ. ಬರೆದಿಟ್ಟಿದ್ದಕ್ಕೆ ಗೊತ್ತಾಯ್ತು.

ಇಲ್ಲಿ ಎಲ್ರೂ ಮಾಡೋ ತಪ್ಪು ಬ್ರೋಕರ್ ಹೇಳಿದ್ದನ್ನೇ ಪಾರ್ಟಿ ಹೇಳಿದ್ದು ಅಂತ ನಂಬೋದು. ಪಾರ್ಟಿ ಅಂದ್ರೆ ಬ್ರೋಕರ್ ಭಾಷೇಲಿ ಕೊಳ್ಳೋರು. ಬ್ರೋಕರ್ ಕೆಟ್ಟೋನು ಅಂತಲ್ಲ, ಅವನಿಗೆ ಬರೋದು ಒಂದು ಪರ್ಸೆಂಟೋ ಎರಡು ಪರ್ಸೆಂಟೋ ಕಮಿಷನ್, ನೀವು ಮೂರು ಲಕ್ಷ ಇಳಿಸಿದ್ರೆ ಅವನಿಗೆ ಹೋಗೋದು ಮೂರರಿಂದ ಆರು ಸಾವಿರ, ಆದ್ರೆ ವ್ಯಾಪಾರ ಬೇಗ ಆಗುತ್ತೆ. ಅವನ ಜಾಗದಲ್ಲಿ ನಾನಿದ್ರೂ ರೇಟ್ ಜಾಸ್ತಿ ಅಂತಲೇ ಅಂತಿದ್ದೆ.

2. ಮನೆ ತೋರಿಸೋವಾಗ ಬಾಯಿ ಮುಚ್ಕೊಂಡಿರಿ

ಮನೆ ಕಟ್ಟಿಸಿದೋರೇ ಮುಂದೆ ನಿಂತು ತೋರಿಸಿದ್ರೆ ನಿಜವಾದ ಅಭಿಪ್ರಾಯ ಬರೋದೇ ಇಲ್ಲ. "ಈ ಬಾಗಿಲು ತೇಗದ್ದು, ನಮ್ಮ ತಂದೆ ಸಕಲೇಶಪುರದಿಂದ ತರಿಸಿದ್ದು" ಅಂತ ಶುರು ಮಾಡಿದ್ರೆ ಬಂದೋರು ಪಾಪ ತಲೆ ಆಡಿಸ್ತಾರೆ, ಅಷ್ಟೇ. ಬೇರೆ ಯಾರಾದ್ರೂ ತೋರಿಸ್ಲಿ, ಬಾಮೈದನೋ ಪಕ್ಕದ ಮನೆ ಹುಡುಗನೋ. ಐದು ನಿಮಿಷ ಅವರನ್ನೇ ಒಳಗೆ ಬಿಟ್ಟು ನೀವು ಗೇಟಿನ ಹತ್ರ ಇರಿ, ಮಾತಾಡ್ಕೊಳ್ಳೋಕೆ ಜಾಗ ಕೊಡಿ.

"ಮನೆ ಹೆಂಗಿದೆ?" ಅಂತ ಕೇಳ್ಬೇಡಿ, ಚೆನ್ನಾಗಿದೆ ಅನ್ನೋದು ಬಿಟ್ಟು ಇನ್ನೇನು ಹೇಳ್ತಾರೆ. ಹಿಂಗೆ ಕೇಳಿ: "ನೀವು ಈ ಮನೆಗೆ ಬಂದ್ರೆ ಮೊದಲು ಏನು ಚೇಂಜ್ ಮಾಡಿಸ್ತೀರ?" ಆಗ ಪಟಪಟ ಅಂತ ಬರುತ್ತೆ ನೋಡಿ, ಕಿಚನ್ ಗೋಡೆ ಒಡೀಬೇಕು, ಬಾತ್‌ರೂಮ್ ಟೈಲ್ಸ್ ತೆಗೀಬೇಕು ಅಂತ. ಎರಡನೇ ಪ್ರಶ್ನೆ, "ಇದಕ್ಕೆ ಮುಂಚೆ ನೋಡಿದ ಮನೇಲಿ ಏನು ಇಷ್ಟ ಆಯ್ತು?" ಇದ್ರಿಂದ ನಿಮ್ಮ ಮನೆನ ಯಾವ ಮನೆ ಜೊತೆ ತೂಗ್ತಾ ಇದಾರೆ ಅಂತ ತಿಳಿಯುತ್ತೆ. ಎರಡು ದಿನ ಬಿಟ್ಟು ಒಂದು ಸಲ ಫೋನ್ ಮಾಡಿ. ಅದೇ ದಿನ ಸಾಯಂಕಾಲ ಮಾಡಿದ್ರೆ ನಿಮಗೆ ಅರ್ಜೆಂಟ್ ಇದೆ ಅಂತಾಗುತ್ತೆ, ಮೂರು ಸಲ ಮಾಡಿದ್ರೆ ನಂಬರ್ ಬ್ಲಾಕ್ ಆಗುತ್ತೆ.

ಕಂತ್ರಿ ತರ ಕೊಂಕು ತೆಗೆಯೋರನ್ನ ಕಂಡ್ರೆ ಬೇಜಾರು ಮಾಡ್ಕೊಬೇಡಿ. ಫ್ರಿಜ್ ಎಲ್ಲಿಡೋದು ಅಂತ ಗೇಣು ಹಾಕಿ ಅಳೆಯೋರು, ನಲ್ಲಿ ತಿರುಗಿಸಿ ನೋಡೋರು, "ಫೈನಲ್ ಎಷ್ಟಕ್ಕೆ ಬಿಡ್ತೀರ?" ಅನ್ನೋರು, ಇವ್ರೇ ತಗೊಳ್ಳೋ ಪೈಕಿ. ಬರೀ ಹೊಗಳಿ ಹೋದೋರನ್ನ ಮರೆತುಬಿಡಿ.

3. ಎಲ್ಲಿ ನಿಂತ್ರು ಅಂತ ನೋಡಿ

ತಿಂಗಳಾದ್ಮೇಲೆ ನೋಟ್ ಬುಕ್ ತೆಗೆದು ಕೂತ್ಕೊಳ್ಳಿ.

ಫೋನೇ ಬರ್ತಿಲ್ಲ, ಬಂದ್ರೂ ರೇಟ್ ಕೇಳಿ ಇಡ್ತಾರೆ ಅಂದ್ರೆ ಸಮಸ್ಯೆ ಬೆಲೆ ಅಥವಾ ಜಾಹೀರಾತು. ಮನೆ ನೋಡೇ ಇಲ್ವಲ್ಲ, ಮನೇಲಿ ತಪ್ಪು ಹುಡುಕಿ ಏನು ಪ್ರಯೋಜನ.

ನೋಡೋಕೆ ಬರ್ತಾರೆ, ಎರಡನೇ ಸಲ ಬರಲ್ಲ ಅಂದ್ರೆ ಸಮಸ್ಯೆ ಮನೇಲಿದೆ, ಅಥವಾ ಬೀದೀಲಿದೆ.

ಎರಡನೇ ಸಲ ಮನೆಯೋರನ್ನೆಲ್ಲ ಕರ್ಕೊಂಡು ಬಂದು, ರೇಟೂ ಮಾತಾಡಿ, ಜೆರಾಕ್ಸ್ ಇಸ್ಕೊಂಡು ಹೋಗಿ ಆಮೇಲೆ ಗಪ್‌ಚುಪ್ ಆದ್ರು ಅಂದ್ರೆ ನೂರಕ್ಕೆ ತೊಂಬತ್ತು ಸಲ ಸಮಸ್ಯೆ ಪೇಪರಲ್ಲಿ. ಇವರು ಕಾರಣ ಹೇಳೋದೇ ಇಲ್ಲ, "ಮಗ ಬೆಂಗಳೂರಲ್ಲೇ ತಗೋತೀನಿ ಅಂದ" ಅಂತಾರೆ. ಜನ ಇಲ್ಲೇ ಮೋಸ ಹೋಗೋದು, ಪೇಪರ್ ಸರಿ ಮಾಡೋದು ಬಿಟ್ಟು ಪೇಂಟ್ ಹೊಡೆಸ್ತಾರೆ.

ಒಬ್ಬರು ಹೇಳಿದ್ದು ಅವರ ರುಚಿ. ಒಬ್ಬರಿಗೊಬ್ಬರು ಗೊತ್ತಿಲ್ದಿರೋ ಮೂರು ಪಾರ್ಟಿ ಒಂದೇ ಮಾತು ಹೇಳಿದ್ರೆ ಆಗ ಎದ್ದು ಕೆಲಸ ಶುರು ಮಾಡಿ.

4. ಕಾಲ ಯಾವುದು ಅಂತ ನೋಡ್ಕೊಳ್ಳಿ

ಆಷಾಢದಲ್ಲಿ ಯಾರೂ ಬರ್ಲಿಲ್ಲ ಅಂತ ರೇಟ್ ಇಳಿಸಿದೋರು ಇದಾರೆ! ಆಷಾಢ, ಪಿತೃಪಕ್ಷ, ಧನುರ್ಮಾಸ ಈ ಮೂರರಲ್ಲಿ ಬಂದೋರೂ ಮಾತು ಮುಂದುವರಿಸಲ್ಲ, ಅದು ನಿಮ್ಮ ಮನೆ ಬಗ್ಗೆ ಅಭಿಪ್ರಾಯ ಅಲ್ಲ. ಹಾಸನಾಂಬ ಬಾಗಿಲು ತೆಗೆದಾಗ ದೇವಸ್ಥಾನದ ಸುತ್ತಮುತ್ತ ಮನೆ ಇರೋರು ಆ ದಿನಗಳಲ್ಲಿ ತೋರಿಸ್ಲೇಬೇಡಿ, ಕಾರ್ ನಿಲ್ಲಿಸೋಕೆ ಜಾಗ ಇಲ್ದೆ ಅರ್ಧ ಗಂಟೆ ಸುತ್ತಿ ಬಂದೋನಿಗೆ ಅರಮನೆ ತೋರಿಸಿದ್ರೂ "ಇಕ್ಕಟ್ಟು" ಅಂತಾನೆ. ಇನ್ನು ಸಕಲೇಶಪುರ, ಆಲೂರು, ಬೇಲೂರು ಕಡೆ ತೋಟ ಇರೋ ಪಾರ್ಟಿಗಳು ಮಕ್ಕಳ ಓದಿಗೆ ಅಂತ ಹಾಸನದಲ್ಲಿ ಮನೆ ಹುಡುಕ್ತಾರೆ, ಕಾಫಿ ಕುಯ್ಲು ಮುಗಿದು ದುಡ್ಡು ಕೈಗೆ ಬರೋವರೆಗೆ "ನೋಡೋಣ" ಅಂತಲೇ ಇರ್ತಾರೆ. ಅರೇಬಿಕಾ ಕುಯ್ಲು ನವೆಂಬರಿಂದ ಜನವರಿ, ರೋಬಸ್ಟಾ ಅದಾದ್ಮೇಲೆ. ಅಂಥೋರು ನವೆಂಬರಲ್ಲಿ "ನೋಡೋಣ" ಅಂದಿದ್ರೆ ಮಾರ್ಚಲ್ಲಿ ಇನ್ನೊಂದು ಸಲ ಕೇಳಿ.

5. ಮನೆ ಬಗ್ಗೆ ಹೇಳಿದ್ದನ್ನ ಸೋಸಿ

ಶೀತ, ತೇವ: ಮಳೆಗಾಲದಲ್ಲಿ ಇಲ್ಲಿ ಅತಿ ಹೆಚ್ಚು ಬರೋ ಕಂಪ್ಲೇಂಟು ಇದು. ಗೋಡೆ ಬೂಷ್ಟು ಹಿಡಿದಿದ್ರೆ, ಪುಡಿ ಉದುರ್ತಿದ್ರೆ ಅದ್ರ ಮೇಲೆ ಪುಟ್ಟಿ ಹಾಕಿ ಪೇಂಟ್ ಹೊಡೆಸ್ಬೇಡಿ. ಒಂದು ಮಳೆಗೆ ಎದ್ದು ಬರುತ್ತೆ, ಅಲ್ದೆ ಒಂದೇ ಗೋಡೆಗೆ ಹೊಸ ಪೇಂಟ್ ಇದ್ರೆ ಬಂದೋರ ಕಣ್ಣು ಅಲ್ಲಿಗೇ ಹೋಗುತ್ತೆ. ನೀರು ಎಲ್ಲಿಂದ ಅಂತ ಮೊದಲು ಕಂಡುಹಿಡೀರಿ. ತೇವ ಮೇಲಿಂದ ಇಳೀತಿದ್ರೆ ತಾರಸಿ ಅಥವಾ ಪ್ಯಾರಪಿಟ್, ಮಧ್ಯದಲ್ಲಿ ಮಚ್ಚೆ ತರ ಇದ್ರೆ ಬಾತ್‌ರೂಮ್ ಪೈಪು, ನೆಲದಿಂದ ಒಂದೆರಡು ಅಡಿ ಎತ್ತರಕ್ಕೆ ಸಾಲಾಗಿ ಇದ್ರೆ ಪಾಯದಿಂದ ಏರ್ತಾ ಇದೆ. ತಾರಸಿ ಅನುಮಾನ ಇದ್ರೆ ನೀರು ಹೋಗೋ ತೂತಿಗೆಲ್ಲ ಗೋಣಿಚೀಲ ತುರುಕಿ ಎರಡು ಇಂಚು ನೀರು ನಿಲ್ಲಿಸಿ ಒಂದೆರಡು ದಿನ ಬಿಡಿ, ಕೆಳಗಡೆ ಎಲ್ಲಿ ಒದ್ದೆ ಆಗುತ್ತೋ ಅದೇ ಜಾಗ. ರಿಪೇರಿ ಮಾಡ್ಸಿದ್ಮೇಲೆ ಬಿಲ್ಲು ಇಟ್ಕೊಳ್ಳಿ, ಮುಂದಿನ ಪಾರ್ಟಿಗೆ ತೋರಿಸಿ. ಪಾಯದಿಂದ ಏರೋ ತೇವಕ್ಕೆ ಪೂರ್ತಿ ರಿಪೇರಿ ದುಬಾರಿ, ಮಾರೋ ಮನೆಗೆ ಅಷ್ಟು ಸುರೀಬೇಡಿ, ಬೆಲೇಲಿ ಕಳೀರಿ.

ಬಿರುಕು: ಕೂದಲೆಳೆಯಷ್ಟು ಇರೋದು ಪ್ಲಾಸ್ಟರ್ ಬಿರುಕು, ಭಯ ಬೇಡ. ಕಿಟಕಿ ಮೂಲೆಯಿಂದ ಓರೆಯಾಗಿ ಹೋಗಿರೋದು, ನಾಣ್ಯ ಹೋಗೋವಷ್ಟು ಅಗಲ ಇರೋದು ಇದ್ರೆ ಸಿವಿಲ್ ಎಂಜಿನಿಯರ್‌ಗೆ ತೋರಿಸಿ. ಬಿರುಕಿನ ಎರಡು ತುದೀಲೂ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಕು ಬರೀರಿ. ಎರಡು ತಿಂಗಳಾದ್ರೂ ಗೆರೆ ದಾಟಿಲ್ಲ ಅಂದ್ರೆ ಅದನ್ನೇ ಪಾರ್ಟಿಗೆ ತೋರಿಸಿ, ನೂರು ಮಾತಿಗಿಂತ ಅದು ಕೆಲಸ ಮಾಡುತ್ತೆ.

ನೀರು: ಹೇಮಾವತಿ ನೀರು ಎಷ್ಟು ದಿನಕ್ಕೊಂದ್ಸಲ, ಎಷ್ಟು ಹೊತ್ತಿಗೆ ಅಂತ ಇದ್ದಿದ್ದು ಇದ್ದಂಗೆ ಹೇಳಿ. ಪಕ್ಕದ ಮನೆಯೋರನ್ನ ಕೇಳೇ ಕೇಳ್ತಾರೆ.

ವಾಸ್ತು: ವಾದ ಮಾಡ್ಬೇಡಿ, ದುಡ್ಡೂ ಸುರೀಬೇಡಿ. ಒಬ್ಬರು ಹೇಳಿದ್ರು ಅಂತ ಈಶಾನ್ಯದ ಟಾಯ್ಲೆಟ್ ಒಡೆಸಿದ್ರೆ ಮುಂದೆ ಬರೋ ವಾಸ್ತು ಮೇಷ್ಟ್ರು ಮೆಟ್ಟಿಲು ಸರಿಯಿಲ್ಲ ಅಂತಾರೆ, ಇದಕ್ಕೆ ಕೊನೆ ಇಲ್ಲ. ಬಾಗಿಲು ದಕ್ಷಿಣಕ್ಕಿದ್ರೆ ಜಾಹೀರಾತಲ್ಲೇ ಹಾಕ್ಬಿಡಿ. ಬೇಡದೋರು ಬರೋದೇ ಇಲ್ಲ, ನಿಮ್ಮ ಭಾನುವಾರ ಉಳಿಯುತ್ತೆ.

ಬೀದಿ: ಪಕ್ಕದಲ್ಲಿ ಛತ್ರ ಇದೆ, ರೋಡು 20 ಅಡಿ ಅಷ್ಟೇ, ಕಾರ್ ಒಳಗೆ ಹೋಗಲ್ಲ, ಇವನ್ನ ನೀವು ಸರಿ ಮಾಡೋಕಾಗಲ್ಲ. ಆದ್ರೆ ಇಂಥ ಮನೆಗೂ ಗಿರಾಕಿ ಇರ್ತಾರೆ, ಬೇರೆ ತರದೋರು. ಸಾಲಗಾಮೆ ರೋಡಲ್ಲಿ ಎಂಜಿನಿಯರಿಂಗ್ ಕಾಲೇಜ್ ಹತ್ರ, ಇಲ್ಲಾ ಮೆಡಿಕಲ್ ಕಾಲೇಜ್ ಹತ್ರ ಆದ್ರೆ ಬಾಡಿಗೆ ಲೆಕ್ಕ ಹಾಕಿ ತಗೊಳ್ಳೋರಿಗೆ ಕಾರ್ ಪಾರ್ಕಿಂಗ್ ಬೇಕಾಗಿಲ್ಲ, ಅಂಥೋರಿಗೆ ಗೊತ್ತಾಗೋ ಹಾಗೆ ಜಾಹೀರಾತು ಬದಲಾಯಿಸಿ.

ಒಂದು ಎಚ್ಚರಿಕೆ. ನಿಮಗೆ ಗೊತ್ತಿದ್ದು, ಬಂದೋರಿಗೆ ನೋಡಿದ್ರೂ ಗೊತ್ತಾಗದ ದೊಡ್ಡ ದೋಷ ಇದ್ರೆ ಮುಚ್ಚಿಡೋ ಹಾಗಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆ 55ನೇ ಸೆಕ್ಷನ್ ಪ್ರಕಾರ ಅದನ್ನ ಹೇಳೋದು ಮಾರೋರ ಕರ್ತವ್ಯ. ಮನೆಗೂ ಅನ್ವಯ, ಹಕ್ಕುಪತ್ರದ ದೋಷಕ್ಕೂ ಅನ್ವಯ.

6. ಪೇಪರ್ ನೋಡಿ ಸುಮ್ಮನಾದೋರ ಮೌನ ಓದೋದು

ಇದನ್ನ ಸ್ವಲ್ಪ ನಿಧಾನಕ್ಕೆ ಓದಿ, ಜಾಸ್ತಿ ಮನೆ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ. ಜೆರಾಕ್ಸ್ ತಗೊಂಡು ಹೋದೋರು ಲಾಯರ್ ಹತ್ರ ಲೀಗಲ್ ಒಪೀನಿಯನ್ ಮಾಡಿಸ್ತಾರೆ, ಅಂದ್ರೆ ಈ ಆಸ್ತಿ ತಗೋಬಹುದಾ ಬೇಡ್ವಾ ಅಂತ ಲಾಯರ್ ಬರೆದುಕೊಡೋ ಅಭಿಪ್ರಾಯ. ನೀವು ಫೋನ್ ಮಾಡಿ ನೇರವಾಗಿ ಕೇಳಿ: "ಬೇಡ ಅಂದ್ರೂ ಬೇಜಾರಿಲ್ಲ, ನಿಮ್ಮ ಲಾಯರ್ ಯಾವ ಪೇಪರ್ ಬಗ್ಗೆ ಹೇಳಿದ್ರು ಅಂತ ಹೇಳಿ ಸಾಕು." ಬಹಳ ಜನ ಹೇಳ್ತಾರೆ. ಸಾಮಾನ್ಯವಾಗಿ ಬರೋ ಉತ್ತರ ನಾಲ್ಕು.

ಇಸಿ ಕ್ಲಿಯರ್ ಇಲ್ಲ. ಇಸಿ ಅಂದ್ರೆ ಋಣಭಾರ ಪತ್ರ, ಆಸ್ತಿ ಮೇಲೆ ಆಗಿರೋ ಕ್ರಯ, ಅಡಮಾನ ಎಲ್ಲದ್ರ ಪಟ್ಟಿ. ನೀವು ಹೋಮ್ ಲೋನ್ ತೀರಿಸಿ ವರ್ಷ ಆಗಿರುತ್ತೆ, ಆದ್ರೆ ಬ್ಯಾಂಕಿಂದ ಅಡಮಾನ ಬಿಡುಗಡೆ ಪತ್ರ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸಿರಲ್ಲ, ಇಸಿಲಿ ಸಾಲ ಹಂಗೇ ಕೂತಿರುತ್ತೆ. ನಮ್ಮ ಮನೇದೂ ಇದೇ ಆಗಿತ್ತು, ಎರಡು ಪಾರ್ಟಿ ಕಳ್ಕೊಂಡ್ಮೇಲೆ ಗೊತ್ತಾಗಿದ್ದು. ಲೋನ್ ತೀರಿಸಿದ 30 ದಿನದೊಳಗೆ ಒರಿಜಿನಲ್ ದಾಖಲೆ ವಾಪಸ್ ಕೊಡ್ಬೇಕು, ತಡ ಆದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ ಆರ್‌ಬಿಐ ನಿಯಮ ಇದೆ, 2023ರ ಡಿಸೆಂಬರ್ 1ರಿಂದ. ಬ್ಯಾಂಕಲ್ಲಿ ನಾಳೆ ಬನ್ನಿ ಅಂದ್ರೆ ಇದನ್ನ ನೆನಪಿಸಿ. ಮಾರಕ್ಕೆ ಇಡೋ ಮೊದಲೇ 30 ವರ್ಷದ ಇಸಿ ತೆಗೆಸಿ ನೀವೇ ಓದಿ.

ಖಾತೆ. ಖಾತೆ ಅಂದ್ರೆ ಆಸ್ತಿ ಯಾರ ಹೆಸರಲ್ಲಿದೆ ಅಂತ ತೆರಿಗೆಗೆ ಬರೆದಿಟ್ಟಿರೋ ದಾಖಲೆ, ಅದು ಕಂಪ್ಯೂಟರಲ್ಲಿದ್ರೆ ಇ-ಖಾತಾ. ಈಗ ಇ-ಖಾತಾ ಇಲ್ದೆ ಕ್ರಯ ರಿಜಿಸ್ಟರ್ ಆಗಲ್ಲ. ಊರೊಳಗಿನ ಮನೆ ಆದ್ರೆ ನಗರಸಭೆ ಅಥವಾ ಪಾಲಿಕೆಯ ಇ-ಖಾತಾ, ಪಂಚಾಯ್ತಿ ವ್ಯಾಪ್ತಿ ಆದ್ರೆ ಇ-ಸ್ವತ್ತು, ಅಂದ್ರೆ ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ, ಅದ್ರ ಫಾರಂ 9 ಮತ್ತೆ 11ಎ. ನಿಮ್ಮದು 11ಬಿ ಇದ್ರೆ ಜಾಗ ಅನಧಿಕೃತದ ಪಟ್ಟೀಲಿದೆ ಅಂತ, ಬಹಳಷ್ಟು ಬ್ಯಾಂಕು ಇದಕ್ಕೆ ಲೋನ್ ಕೊಡಲ್ಲ. "ಲೋನ್ ಆಗ್ಲಿಲ್ಲ ಸಾರ್" ಅಂದ್ರೆ ಅವರ ಸಂಬಳ ಸಾಲ್ದು ಅಂತ ಅನ್ಕೊಬೇಡಿ, ನಿಮ್ಮ ಖಾತೆ ನೋಡ್ಕೊಳ್ಳಿ.

ಅಕ್ಕ ತಂಗಿಯರ ಸಹಿ. ಅಪ್ಪನ ಹೆಸರಲ್ಲಿದ್ದು, ಅಪ್ಪ ವಿಲ್ ಬರೀದೆ ತೀರಿಕೊಂಡ ಮನೆಗೆ ಅಣ್ಣ ತಮ್ಮಂದಿರು ಮಾತ್ರ ಸಹಿ ಹಾಕಿದ್ರೆ ಯಾವ ಲಾಯರೂ ಒಪ್ಪಲ್ಲ. ಪಿತ್ರಾರ್ಜಿತ ಆಸ್ತೀಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ 2005ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿ ಆಗಿದೆ, ಆ ಹೊತ್ತಿಗೆ ತಂದೆ ಬದುಕಿರಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಅಪ್ಪನ ಸ್ವಯಾರ್ಜಿತ ಆದ್ರೂ ಹೆಣ್ಣುಮಕ್ಕಳು ವಾರಸುದಾರರೇ, ಅಮ್ಮನೂ ಸೇರಿ. "ಅವರೇನೂ ಕೇಳಲ್ಲ ಬಿಡಿ" ಅಂತ ಪಾರ್ಟಿ ಮುಂದೆ ಹೇಳಿದ್ರೆ ಅವರು ಅವತ್ತೇ ಓಡ್ತಾರೆ. ವಂಶವೃಕ್ಷ ಮಾಡಿಸಿ, ಎಲ್ರನ್ನೂ ಮೊದಲೇ ಕೂರಿಸಿ ಮಾತಾಡಿ.

ನಾಲ್ಕನೇದು ಪ್ಲಾನಿಗೂ ಕಟ್ಟಡಕ್ಕೂ ತಾಳೆ ಇಲ್ದಿರೋದು, ಪ್ಲಾನಲ್ಲಿ ಒಂದು ಮಹಡಿ, ನಿಂತಿರೋದು ಎರಡು. ಇದನ್ನ ಮುಚ್ಚಿಡೋಕೆ ಆಗಲ್ಲ, ಬ್ಯಾಂಕಿನ ಎಂಜಿನಿಯರ್ ಬಂದು ಅಳೀತಾರೆ. ಮೊದಲೇ ಹೇಳಿ.

7. "ರೇಟ್ ಜಾಸ್ತಿ ಆಯ್ತು" ಅಂದ್ರೆ

ಯಾರಿಗೆ ಜಾಸ್ತಿ, ಯಾವುದಕ್ಕೆ ಹೋಲಿಸಿ ಜಾಸ್ತಿ ಅಂತ ಕೇಳಿ. ಇದ್ರಲ್ಲಿ ಮೂರು ತರ ಇದೆ. ಒಂದು ಬರೀ ಚೌಕಾಶಿ, ಸಂತೇಲಿ ಕೊತ್ತಂಬರಿ ಕಟ್ಟಿಗೂ ಕೇಳ್ತೀವಲ್ಲ ಹಂಗೆ. ಎರಡು, ಅವರ ಲೆಕ್ಕದಲ್ಲಿ ನಿಜವಾಗ್ಲೂ ಜಾಸ್ತಿ: ಅವರು ಸೈಟಿನ ರೇಟಿಗೆ ಹಳೇ ಕಟ್ಟಡಕ್ಕೆ ಸ್ವಲ್ಪ ಸೇರಿಸಿ ನೋಡ್ತಾರೆ, ನೀವು ಇವತ್ತು ಕಟ್ಟಿಸಿದ್ರೆ ಎಷ್ಟಾಗುತ್ತೆ ಅಂತ ನೋಡ್ತೀರ, 30 ವರ್ಷದ ಕಟ್ಟಡಕ್ಕೆ ಇವೆರಡೂ ಸೇರೋದೇ ಇಲ್ಲ.

ಮೂರನೇದು ನೀವು ಯೋಚನೆ ಮಾಡಿರಲ್ಲ, ಅವರ ಕೈಯಿಂದ ಹೋಗೋ ಒಟ್ಟು ದುಡ್ಡು. 60 ಲಕ್ಷದ ಮನೆ ಅಂತ ಇಟ್ಕೊಳ್ಳಿ. ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟ್ ಅಂದ್ರೆ 3 ಲಕ್ಷ, ಅದ್ರ ಮೇಲೆ ಸೆಸ್ 10 ಪರ್ಸೆಂಟ್ 30 ಸಾವಿರ, ಪಟ್ಟಣದಲ್ಲಿ ಸರ್‌ಚಾರ್ಜ್ 2 ಪರ್ಸೆಂಟ್ 6 ಸಾವಿರ, ರಿಜಿಸ್ಟ್ರೇಷನ್ ಫೀ 2025ರ ಆಗಸ್ಟ್ ಕೊನೇಲಿ ಒಂದರಿಂದ ಎರಡು ಪರ್ಸೆಂಟ್ ಆಯ್ತಲ್ಲ, ಅದು 1 ಲಕ್ಷ 20 ಸಾವಿರ. ಒಟ್ಟು 4 ಲಕ್ಷ 56 ಸಾವಿರ. ಬ್ಯಾಂಕು 30ರಿಂದ 75 ಲಕ್ಷದವರೆಗಿನ ಲೋನಿಗೆ ಮನೆ ಬೆಲೆಯ 80 ಪರ್ಸೆಂಟ್ ದಾಟಲ್ಲ, ಈ ಖರ್ಚನ್ನ ಬೆಲೇಲಿ ಸೇರಿಸಲ್ಲ. ಅಂದ್ರೆ 12 ಲಕ್ಷ ಪ್ಲಸ್ ನಾಲ್ಕೂವರೆ ಲಕ್ಷ ಕೈಯಿಂದ. ಇಂಥೋರಿಗೆ ಎರಡು ತಿಂಗಳು ಟೈಮ್ ಕೊಟ್ರೆ ರೇಟ್ ಇಳಿಸೋದೇ ಬೇಡ ಆಗಬಹುದು.

ಇಳಿಸೋದೇ ಆದ್ರೆ ಒಂದೇ ಸಲ ಇಳಿಸಿ. ವಾರಕ್ಕೊಂದ್ಸಲ 50 ಸಾವಿರ ಇಳಿಸ್ತಾ ಹೋದ್ರೆ ಬ್ರೋಕರ್‌ಗಳ ಗ್ರೂಪಲ್ಲೆಲ್ಲ ಗೊತ್ತಾಗಿ "ಇನ್ನೂ ಇಳಿಯುತ್ತೆ ತಡೀರಿ" ಅಂತ ಕಾಯ್ತಾರೆ. ನಿಮ್ಮ ಕೊನೇ ರೇಟ್ ಹಾಕೋವಾಗ ಟ್ಯಾಕ್ಸೂ ಸೇರಿಸ್ಕೊಳ್ಳಿ: 24 ತಿಂಗಳಿಗಿಂತ ಜಾಸ್ತಿ ಇಟ್ಕೊಂಡಿದ್ದ ಮನೆ ಆದ್ರೆ ಲಾಭದ ಮೇಲೆ 12.5 ಪರ್ಸೆಂಟ್, 2024ರ ಜುಲೈ 23ಕ್ಕೆ ಮುಂಚೆ ತಗೊಂಡಿದ್ರೆ ಹಣದುಬ್ಬರ ಕಳೆದು 20 ಪರ್ಸೆಂಟ್ ಕಟ್ಟೋ ಆಯ್ಕೆನೂ ಇದೆ, ಯಾವುದು ಕಮ್ಮಿ ಅಂತ ಆಡಿಟರ್ ಹತ್ರ ಲೆಕ್ಕ ಹಾಕಿಸಿ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಪಾರ್ಟಿ 1 ಪರ್ಸೆಂಟ್ ಟಿಡಿಎಸ್, ಅಂದ್ರೆ ನಿಮಗೆ ಕೊಡೋ ದುಡ್ಡಲ್ಲೇ ಮುಂಚಿತವಾಗಿ ಕಳೆಯೋ ಇನ್‌ಕಮ್ ಟ್ಯಾಕ್ಸ್ ಹಿಡೀತಾರೆ, ಮೋಸ ಅಂತ ಜಗಳ ಮಾಡ್ಬೇಡಿ, ನಿಮ್ಮ ಪ್ಯಾನ್‌ಗೆ ಜಮಾ ಆಗುತ್ತೆ.

"ಅರ್ಧ ಕ್ಯಾಶ್ ಕೊಡ್ತೀವಿ, ಒಪ್ಪಿದ್ರೆ ಇವತ್ತೇ" ಅನ್ನೋ ಅಭಿಪ್ರಾಯನೂ ಬರುತ್ತೆ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಜಾಸ್ತಿ ಕ್ಯಾಶ್ ಇಸ್ಕೊಂಡ್ರೆ ಎಷ್ಟು ಇಸ್ಕೊಂಡ್ರೋ ಅಷ್ಟೇ ದಂಡ ಬೀಳಬಹುದು, ಇಸ್ಕೊಂಡೋರಿಗೆ. ಅಂದ್ರೆ ನಿಮಗೆ.

8. ಅಗ್ರಿಮೆಂಟ್ ಆದ್ಮೇಲೆ ಬರೋ ತಕರಾರು

ಅಡ್ವಾನ್ಸ್ ಕೊಟ್ಟ ಮೇಲೂ ಕೆಲವರು ರಿಜಿಸ್ಟ್ರೇಷನ್ ಹಿಂದಿನ ದಿನ "ಮೋಟರ್ ಸೌಂಡ್ ಮಾಡುತ್ತೆ, 20 ಸಾವಿರ ಕಮ್ಮಿ ಮಾಡ್ಕೊಳ್ಳಿ" ಅಂತಾರೆ. ಅದಕ್ಕೆ ಮೊದಲೇ ಕಟ್ಟೆ ಹಾಕಿ. ನೋಟ್ ಬುಕ್ಕಲ್ಲಿ ಬರೆದಿಟ್ಟ ದೋಷಗಳನ್ನೆಲ್ಲ, ಹಿಂದಿನ ರೂಮಿನ ತೇವ, ಪೆನ್ಸಿಲ್ ಗೆರೆ ಎಳೆದ ಬಿರುಕು, ಎರಡನೇ ಮಹಡಿಗೆ ಪ್ಲಾನ್ ಇಲ್ಲ ಅನ್ನೋದು, ಎಲ್ಲಾ ಸೇಲ್ ಅಗ್ರಿಮೆಂಟಲ್ಲಿ ಬರೆಸಿ, "ಇವನ್ನೆಲ್ಲ ನೋಡಿ ಒಪ್ಪಿ ಇದ್ದ ಸ್ಥಿತಿಯಲ್ಲೇ ಕೊಳ್ಳಲಾಗಿದೆ" ಅಂತ ಸೇರಿಸಿ. ಸೇಲ್ ಅಗ್ರಿಮೆಂಟ್ ಅಂದ್ರೆ ಕ್ರಯದ ಕರಾರು, ಕ್ರಯಪತ್ರ ಅಲ್ಲ, ಇದಾದ ತಕ್ಷಣ ಮನೆ ಅವರದ್ದಾಗಲ್ಲ. ಗೀಸರ್, ಯುಪಿಎಸ್, ಫ್ಯಾನ್ ಯಾವುದು ಬಿಟ್ಟು ಹೋಗ್ತೀರ ಯಾವುದು ಬಿಚ್ಕೊಂಡು ಹೋಗ್ತೀರ ಅಂತಲೂ ಬರೆಸಿ, 60 ಲಕ್ಷದ ವ್ಯಾಪಾರ ಎರಡು ಫ್ಯಾನಿಗೆ ಕೆಟ್ಟಿದ್ದನ್ನ ನೋಡಿದೀನಿ. ಬೇರೆ ಪಾರ್ಟಿಗಳು ಇನ್ನೂ ಫೋನ್ ಮಾಡ್ತಿದ್ರೆ ಹೆಸರು ನಂಬರ್ ಬರೆದಿಟ್ಕೊಳ್ಳಿ, ಇಲ್ಲ ಅಂತ ಪೂರ್ತಿ ಬಾಗಿಲು ಹಾಕೋದು ಕ್ರಯ ಆದ್ಮೇಲೆ.

ಕ್ರಯದ ದಿನ ಕಂದಾಯ ಕಟ್ಟಿದ ರಸೀದಿ, ನೀರಿನ ಬಿಲ್ಲು, ಸೆಸ್ಕ್ ಕರೆಂಟ್ ಬಿಲ್ಲು ಎಲ್ಲಾ ಕವರಲ್ಲಿ ಹಾಕಿ ಕೊಡಿ, ಮೀಟರ್ ರೀಡಿಂಗ್ ಫೋಟೋ ತೆಗೆದು ಇಬ್ರೂ ವಾಟ್ಸಾಪಲ್ಲಿ ಇಟ್ಕೊಳ್ಳಿ. ಪ್ಲಂಬರ್ ನಂಬರ್ ಕೇಳ್ತಾರೆ, ಅದನ್ನೂ ಬರೆದುಕೊಡಿ.